ಮರದ ಮೋಟಾರು ದೋಣಿ ಮತ್ತು ದುರಸ್ತಿಯ ಇತಿಹಾಸ: ಆಲ್ಗೊನಾಕ್ ದೋಣಿಗಳನ್ನು ಕುರಿತು ಒಂದು ವಿಚಾರ

ಯಂತ್ರಯುಗದ ವಸ್ತುಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಉತ್ಪತ್ತಿಯನ್ನು ವಿವರಿಸಿ ವಿರಮಿಸುತ್ತಾರೆ. ವಸ್ತುವನ್ನು ನಿರ್ಮಿಸಿದವರು ಯಾರು, ಯಾವ ವರ್ಷದಲ್ಲಿ, ಯಾವ ಊರಿನಲ್ಲಿ ಎಂಬುದು ನಿರ್ಧಾರವಾದೊಡನೆ ತಮ್ಮ ಕಾರ್ಯ ಮುಗಿಯಿತೆಂದು ಅವರು ಭಾವಿಸುವುದುಂಟು. ಅದೇ ವಸ್ತು ಆಮೇಲೆ ಅರ್ಧ ಶತಮಾನಕ್ಕೂ ಮಿಕ್ಕಿ ಹೇಗೆ ಉಳಿದು ಬಂದಿತು, ಅದನ್ನು ಉಳಿಸಿದವರು ಏನು ಮಾಡಿದರು, ಉಳಿದುದರಲ್ಲಿ ಮೊದಲಿನದು ಎಷ್ಟು ಎಂಬ ಪ್ರಶ್ನೆಗಳು ಏಳುವುದು ವಿರಳ. ಅಮೆರಿಕದ ಮರದ ಮೋಟಾರು ದೋಣಿಗಳನ್ನು ನಿದರ್ಶನವಾಗಿಟ್ಟುಕೊಂಡು ಈ ಎರಡನೆಯ ಬಗೆಯ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಐತಿಹಾಸಿಕ ಆಧಾರವೆಂದರೆ ಏನು ಎಂಬ ಮೂಲಪ್ರಶ್ನೆಗೂ ಈ ವಿಚಾರಕ್ಕೂ ನಿಕಟವಾದ ಸಂಬಂಧವಿದೆಯೆಂದು ನಾವು ತಿಳಿದಿದ್ದೇವೆ.

೧

ಮಿಷಿಗನ್ ಸಂಸ್ಥಾನದ ಸೇಂಟ್ ಕ್ಲೇರ್ ನದಿಯ ದಡದಲ್ಲಿ ಆಲ್ಗೊನಾಕ್ ಎಂಬ ಸಣ್ಣ ಊರಿದೆ. ಕ್ರಿಸ್ಟೊಫರ್ ಕೊಲಂಬಸ್ ಸ್ಮಿತ್ (೧೮೬೧–೧೯೩೯) ಅಲ್ಲಿ ದೋಣಿ ಕಟ್ಟುವ ಕಸುಬನ್ನು ಹಿಡಿದು ಬೆಳೆದವನು. ಗಾರ್‌ಫೀಲ್ಡ್ ವುಡ್ ಎಂಬ ಸ್ಪರ್ಧಾಳುವಿಗೆ ವೇಗದ ದೋಣಿಗಳನ್ನು ಕಟ್ಟಿಕೊಟ್ಟು ಪ್ರಸಿದ್ಧನಾದ ಮೇಲೆ, ೧೯೨೨ರಲ್ಲಿ ಅವನು ತನ್ನ ಮಕ್ಕಳೊಡನೆ ಸ್ವಂತ ಕಾರ್ಖಾನೆಯನ್ನು ಸ್ಥಾಪಿಸಿದನು. ೧೯೩೦ರಲ್ಲಿ ಈ ಸಂಸ್ಥೆಗೆ ಕ್ರಿಸ್-ಕ್ರಾಫ್ಟ್ ಕಾರ್ಪೊರೇಷನ್ ಎಂಬ ಹೆಸರಾಯಿತು. ಒಂದನೆಯ ಮಹಾಯುದ್ಧವು ಮುಗಿದಾಗ ಕರ್ಟಿಸ್ ಸಂಸ್ಥೆಯ ವಿಮಾನ ಎಂಜಿನ್ನುಗಳು ಮಾರುಕಟ್ಟೆಯಲ್ಲಿ ಅಗ್ಗವಾಗಿ ದೊರೆಯುತ್ತಿದ್ದವು. ಅವುಗಳನ್ನು ನೀರಿಗೆ ಒಗ್ಗುವಂತೆ ಮಾರ್ಪಡಿಸಿ ೨೬ ಅಡಿಯ ಮಹಾಗನಿ ದೋಣಿಗಳಲ್ಲಿ ಕೂರಿಸಿದುದು ಈ ಉದ್ಯಮದ ಆರಂಭ. ಒಬ್ಬೊಬ್ಬ ಗಿರಾಕಿಯ ಇಷ್ಟದಂತೆ ಒಂದೊಂದಾಗಿ ಕಟ್ಟುತ್ತಿದ್ದ ಹಳೆಯ ಪದ್ಧತಿಯನ್ನು ಬಿಟ್ಟು, ಒಂದೇ ಮಾದರಿಯ ಅನೇಕ ದೋಣಿಗಳನ್ನು ಸಾಲಾಗಿ ಕಟ್ಟಿ ಮಾರುವ ಕ್ರಮವು ಇಲ್ಲಿ ಬೇರೂರಿತು.

ಅದೇ ನದಿಯಲ್ಲಿ ೧೯೩೨ರಲ್ಲಿ ಗಾರ್ ವುಡ್ ತನ್ನ ‘ಮಿಸ್ ಅಮೆರಿಕ ೧೦’ ದೋಣಿಯನ್ನು ಗಂಟೆಗೆ ೧೨೪.೮೬ ಮೈಲಿ ವೇಗದಲ್ಲಿ ಓಡಿಸಿದನು. ಅದರಲ್ಲಿದ್ದ ಪ್ಯಾಕರ್ಡ್ ಎಂಜಿನ್ನುಗಳು ನಾಲ್ಕು; ಅವನ್ನು ಹೊತ್ತ ಒಡಲು ಮರದ್ದು. ಡೆಟ್ರಾಯಿಟಿನ ಜಾನ್ ಹ್ಯಾಕರ್ ಮೊದಲಾದ ವಿನ್ಯಾಸಕಾರರೂ ಇದೇ ಕಾಲದಲ್ಲಿ ಹೆಸರು ಗಳಿಸಿದರು. ಎರಡನೆಯ ಮಹಾಯುದ್ಧದಲ್ಲಿ ಈ ಕಾರ್ಖಾನೆಗಳು ಸೈನ್ಯವನ್ನು ದಡಕ್ಕಿಳಿಸುವ ದೋಣಿಗಳ ನಿರ್ಮಾಣಕ್ಕೆ ತಿರುಗಿ, ಯುದ್ಧಾನಂತರ ಮತ್ತೆ ವಿಹಾರದೋಣಿಗಳಿಗೆ ಮರಳಿದವು. ೧೯೫೦ರ ದಶಕದಲ್ಲಿ ಗಾಜುನಾರು ಮತ್ತು ರಾಳಗಳಿಂದ ಅಚ್ಚುಹೊಯ್ದ ದೋಣಿಗಳು ಬಂದವು. ೧೯೬೦ರಲ್ಲಿ ಸ್ಮಿತ್ ಕುಟುಂಬವು ಸಂಸ್ಥೆಯನ್ನು ಮಾರಿತು. ೧೯೭೦ರ ದಶಕದ ಆದಿಯಲ್ಲಿ ಅದರ ಮರದ ದೋಣಿಗಳ ನಿರ್ಮಾಣವೂ ನಿಂತಿತು. ಇಟಲಿಯ ಇಸಿಯೊ ಸರೋವರದ ದಡದಲ್ಲಿರುವ ಸಾರ್ನಿಕೊ ಊರಿನಲ್ಲಿ ಕಾರ್ಲೊ ರೀವ (೧೯೨೨–೨೦೧೭) ೧೯೬೨ರಲ್ಲಿ ಹೊರತಂದ ‘ಅಕ್ವರಾಮ’ ಮಾತ್ರ ೧೯೯೬ರವರೆಗೆ ಮರದಲ್ಲಿಯೇ ನಿರ್ಮಾಣವಾಗುತ್ತ ಬಂದಿತು.

ಉತ್ಪತ್ತಿಯ ಇತಿಹಾಸ ಇಷ್ಟು. ದುರಸ್ತಿಯ ಇತಿಹಾಸ ಇಲ್ಲಿಂದ ಮುಂದಕ್ಕಿದೆ.

೨

ಈ ದೋಣಿಗಳ ರಚನೆಯನ್ನು ತಿಳಿಯದೆ ಅವುಗಳ ಕ್ಷಯವನ್ನಾಗಲಿ ರಕ್ಷಣೆಯನ್ನಾಗಲಿ ತಿಳಿಯಲಾಗದು. ಉದ್ದಕ್ಕೆ ಹಾಯುವ ಅಡಿಮರವೇ ದೋಣಿಯ ಬೆನ್ನೆಲುಬು. ಅದರ ಎರಡು ಪಕ್ಕಗಳಲ್ಲಿ ಪಕ್ಕೆಲುಬುಗಳಂತೆ ಮರದ ಚೌಕಟ್ಟುಗಳಿರುತ್ತವೆ. ಇವುಗಳ ಮೇಲೆ ಮಹಾಗನಿಯ ಹಲಗೆಗಳನ್ನು ತಿರುಪುಮೊಳೆಗಳಿಂದ ಬಿಗಿದು, ಮೊಳೆಯ ತಲೆ ಕಾಣದಂತೆ ಅದೇ ಮರದ ಸಣ್ಣ ಬಿರಡೆಯನ್ನು ಕೂರಿಸುತ್ತಾರೆ. ತಳಕ್ಕೆ ಎರಡು ಪದರದ ಹಲಗೆಗಳು. ಒಳಪದರವನ್ನು ಓರೆಯಾಗಿ ಜೋಡಿಸಿ, ಅದರ ಮೇಲೆ ಸೀಸದ ಬಿಳಿಬಣ್ಣ ಅಥವಾ ಅಂಥದೇ ಒಂದು ಲೇಪನದಲ್ಲಿ ತೊಯ್ಸಿದ ಕ್ಯಾನ್ವಾಸು ಬಟ್ಟೆಯನ್ನು ಹಾಸಿ, ಹೊರಪದರವನ್ನು ಉದ್ದುದ್ದವಾಗಿ ಹೊಡೆಯುತ್ತಿದ್ದರು.

ಇಂಥ ತಳವು ನೀರನ್ನು ತಡೆಯುವುದು ಅಂಟಿನಿಂದಲ್ಲ, ಮರದ ಉಬ್ಬುವಿಕೆಯಿಂದ. ಚಳಿಗಾಲದಲ್ಲಿ ದಡಕ್ಕೆಳೆದಿಟ್ಟ ದೋಣಿಯ ಹಲಗೆಗಳು ಒಣಗಿ ಕುಗ್ಗುತ್ತವೆ, ಸಂದುಗಳು ಬಿಡುತ್ತವೆ. ವಸಂತದಲ್ಲಿ ಅದನ್ನು ನೀರಿಗಿಳಿಸಿದರೆ ಮೊದಲ ಒಂದೆರಡು ದಿನ ನೀರು ಒಳಗೆ ಬರುವುದು ಸಹಜ. ಆದುದರಿಂದ ದೋಣಿಯನ್ನು ಪಟ್ಟಿಗಳಲ್ಲಿ ತೂಗುಹಾಕಿ ತಳ ಮಾತ್ರ ಮುಳುಗುವಂತೆ ಇಳಿಸಿ, ಒಳಬಂದ ನೀರನ್ನು ಪಂಪಿನಿಂದ ತೆಗೆಯುತ್ತ, ಹಲಗೆಗಳು ಉಬ್ಬಿ ಒಂದಕ್ಕೊಂದು ಬಿಗಿದುಕೊಳ್ಳುವವರೆಗೆ ಕಾಯುತ್ತಾರೆ. ಈ ತಾಳ್ಮೆಯಿಲ್ಲದವನು ಸಂದುಗಳಿಗೆ ಗಟ್ಟಿಯಾದ ಪದಾರ್ಥವನ್ನು ತುಂಬಿದರೆ, ಉಬ್ಬಿದ ಹಲಗೆಗೆ ಜಾಗವಿಲ್ಲದೆ ಪಕ್ಕೆಮರಗಳು ಬಿರಿಯುತ್ತವೆ, ಮೊಳೆಗಳು ಕಿತ್ತುಬರುತ್ತವೆ. ಹಲಗೆಯ ಚಲನೆಗೆ ಎಡೆಗೊಡಬೇಕೆಂಬುದು ಈ ಕಸುಬಿನ ಮೊದಲ ಪಾಠ.

ಮರದ ಕೊಳೆತಕ್ಕೆ ಶಿಲೀಂಧ್ರಗಳು ಕಾರಣ. ಅವು ಬೆಳೆಯಬೇಕಾದರೆ ತೇವವೂ ಬೇಕು, ಗಾಳಿಯೂ ಬೇಕು. ತೇವಾಂಶವು ಶೇಕಡ ೨೦ಕ್ಕಿಂತ ಕಡಮೆಯಿದ್ದರೆ ಮರ ಕೊಳೆಯುವುದಿಲ್ಲ. ಸದಾ ನೀರಿನಲ್ಲಿ ಮುಳುಗಿ ಗಾಳಿ ತಾಗದ ಭಾಗವೂ ಬೇಗನೆ ಕೊಳೆಯುವುದಿಲ್ಲ. ಇವೆರಡರ ನಡುವಣ ಸ್ಥಿತಿಯೇ ಅಪಾಯಕಾರಿ. ಆದ್ದರಿಂದ ದೋಣಿಗೆ ಕೆಳಗಿನ ನೀರಿಗಿಂತ ಮೇಲಿನ ಮಳೆನೀರೇ ಹೆಚ್ಚಿನ ಶತ್ರು. ಮೇಲ್ಹಾಸಿನ ಸಂದಿನಲ್ಲಿ ಇಳಿದ ಹನಿ ಪಕ್ಕೆಮರದ ತುದಿಯಲ್ಲಿ ನಿಂತು ಅಲ್ಲಿಂದ ಕೊಳೆತವನ್ನು ಆರಂಭಿಸುತ್ತದೆ. ವಾರ್ನಿಷಿನ ಮಹತ್ವವೂ ಇದರಿಂದಲೇ. ಅದು ಅಲಂಕಾರ ಮಾತ್ರವಲ್ಲ. ಮರವನ್ನು ತೇವದಿಂದಲೂ ಬಿಸಿಲಿನ ಅತಿನೇರಳೆ ಕಿರಣಗಳಿಂದಲೂ ಕಾಯುವ ಹೊದಿಕೆ. ಹಳೆಯ ಪದರವನ್ನು ನಯವಾಗಿ ಉಜ್ಜಿ ವರ್ಷವರ್ಷವೂ ಹೊಸ ಪದರವನ್ನು ಬಳಿಯುವವನಿಗೆ ಮರವನ್ನು ಹೆರೆಯುವ ಪ್ರಸಂಗ ಬರುವುದು ವಿರಳ. ಎರಡು ಮೂರು ವರ್ಷ ಅಲಕ್ಷ್ಯ ಮಾಡಿದವನು ಬುಡದವರೆಗೆ ಹೆರೆಯಬೇಕಾಗುತ್ತದೆ. ಹಾಗೆ ಹೆರೆದಂತೆಲ್ಲ ಹಲಗೆ ತೆಳುವಾಗುತ್ತ ಹೋಗುತ್ತದೆ.

ಲೋಹದ ಕ್ಷಯವು ಇನ್ನೊಂದು ಬಗೆಯದು. ಹಿತ್ತಾಳೆಯು ತಾಮ್ರ ಮತ್ತು ಸತುಗಳ ಮಿಶ್ರಣವಾದ್ದರಿಂದ ಉಪ್ಪುನೀರಿನಲ್ಲಿ ಅದರ ಸತು ಕರಗಿಹೋಗಿ, ಹಿಡಿದರೆ ಪುಡಿಯಾಗುವ ಕೆಂಪು ಕಡ್ಡಿ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಮೊಳೆ ಸರಿಯಾಗಿಯೇ ಇರುತ್ತದೆ. ದುರಸ್ತಿಗಾರರು ಹಿತ್ತಾಳೆಯ ಬದಲು ಸಿಲಿಕಾನ್ ಕಂಚಿನ ಮೊಳೆಗಳನ್ನು ಬಳಸುವುದಕ್ಕೆ ಇದೇ ಕಾರಣ. ಭಿನ್ನ ಲೋಹಗಳು ಒಂದೇ ನೀರಿನಲ್ಲಿ ಕೂಡಿದಾಗ ಒಂದು ಇನ್ನೊಂದನ್ನು ಕಾಯುತ್ತ ತಾನು ನಾಶವಾಗುವ ತತ್ತ್ವವನ್ನು ಹಂಫ್ರಿ ಡೇವಿ ೧೮೨೪ರಲ್ಲಿಯೇ ಬ್ರಿಟಿಷ್ ನೌಕಾದಳದ ಹಡಗುಗಳ ತಾಮ್ರದ ಹೊದಿಕೆಗೆ ಅನ್ವಯಿಸಿದ್ದನು. ತಾಮ್ರವೇನೋ ಉಳಿಯಿತು; ಆದರೆ ಕರಗದ ತಾಮ್ರಕ್ಕೆ ಪಾಚಿಯೂ ಚಿಪ್ಪಿನ ಜೀವಿಗಳೂ ಹೇರಳವಾಗಿ ಅಂಟಿಕೊಂಡವು. ರಕ್ಷಣೆಯ ಒಂದು ಉಪಾಯವು ಬೇರೊಂದು ಕೇಡನ್ನು ತರಬಹುದೆಂಬುದಕ್ಕೆ ಇದು ಹಳೆಯ ನಿದರ್ಶನ. ಇಂಥದೇ ಅನುಭವ ನಮ್ಮ ವಿಷಯದಲ್ಲಿಯೂ ಮರುಕಳಿಸಿತೆಂಬುದನ್ನು ಮುಂದೆ ಕಾಣುತ್ತೇವೆ.

೩

ಹಲಗೆಯನ್ನು ಬದಲಿಸುವವನು ಮೊದಲು ಅದು ಯಾವ ಮರವೆಂದು ತಿಳಿಯಬೇಕು. ಇಲ್ಲಿ ‘ಮಹಾಗನಿ’ ಎಂಬ ಹೆಸರೇ ಗೊಂದಲಕ್ಕೆ ಎಡೆಗೊಟ್ಟಿದೆ. ನಿಜವಾದ ಮಹಾಗನಿಯು ಮಧ್ಯ ಮತ್ತು ದಕ್ಷಿಣ ಅಮೆರಿಕಗಳ ಮರ. ಸಸ್ಯಶಾಸ್ತ್ರದ ಪ್ರಕಾರ ನಮ್ಮ ಬೇವಿನ ಕುಟುಂಬಕ್ಕೆ ಸೇರಿದುದು. ಆದರೆ ಕಾರ್ಖಾನೆಯ ದೋಣಿಗಳಲ್ಲಿ ಹೇರಳವಾಗಿ ಬಳಕೆಯಾದುದು ‘ಫಿಲಿಪೀನ್ ಮಹಾಗನಿ’. ಇದು ಸಾಲವೃಕ್ಷದ ಮತ್ತು ಪಶ್ಚಿಮ ಘಟ್ಟಗಳ ಧೂಪದ ಮರದ ಕುಟುಂಬಕ್ಕೆ ಸೇರಿದ ಬೇರೊಂದು ಜಾತಿಯ ಮರಗಳ ದಿಮ್ಮಿ. ಬಣ್ಣದ ಹೋಲಿಕೆಯಿಂದ ವ್ಯಾಪಾರಿಗಳು ಆ ಹೆಸರನ್ನಿಟ್ಟರು. ೧೯೨೦ರ ದಶಕದಲ್ಲಿ ಅಮೆರಿಕದ ನ್ಯಾಯಾಲಯಗಳಲ್ಲಿ ಈ ಹೆಸರಿನ ಬಗೆಗೆ ವ್ಯಾಜ್ಯವೂ ನಡೆಯಿತು. ೧೮೯೮ರಿಂದ ೧೯೪೬ರವರೆಗೆ ಫಿಲಿಪೀನ್ಸ್ ದ್ವೀಪಗಳು ಅಮೆರಿಕದ ಆಳ್ವಿಕೆಗೆ ಒಳಪಟ್ಟಿದ್ದವೆಂಬುದನ್ನು ನೆನೆದರೆ, ಮಿಷಿಗನ್ನಿನ ವಿಹಾರದೋಣಿಯ ಪಕ್ಕೆಯಲ್ಲಿ ಆ ದೂರದ ಮರ ಬಂದು ಕುಳಿತುದರ ಹಿನ್ನೆಲೆ ತಿಳಿಯುತ್ತದೆ. ಇಂದು ಆ ಗುಣದ, ಆ ಅಗಲದ ಹಲಗೆ ದೊರೆಯುವುದು ಕಷ್ಟ. ಅಮೆರಿಕದ ದೊಡ್ಡೆಲೆಯ ಮಹಾಗನಿಯ ಅಂತರರಾಷ್ಟ್ರೀಯ ವ್ಯಾಪಾರವೂ ೨೦೦೩ರಿಂದ ನಿಯಂತ್ರಣಕ್ಕೊಳಪಟ್ಟಿದೆ. ಹೀಗಾಗಿ ಹಳೆಯ ಹಲಗೆಯೊಂದನ್ನು ಕಿತ್ತೆಸೆಯುವವನು ಮತ್ತೆ ದೊರೆಯದ ವಸ್ತುವನ್ನು ಎಸೆಯುತ್ತಿದ್ದಾನೆಂಬುದನ್ನು ಗಮನಿಸಬೇಕು.

೪

೧೯೬೦ರ ಮತ್ತು ೧೯೭೦ರ ದಶಕಗಳಲ್ಲಿ ಮರದ ದೋಣಿಗಳ ಬೆಲೆ ಬಹಳ ಕುಸಿದಿತ್ತು. ಶ್ರಮವನ್ನು ಉಳಿಸಬೇಕೆಂದ ಒಡೆಯರು ಸೋರುವ ತಳದ ಮೇಲೆ ಗಾಜುನಾರಿನ ಬಟ್ಟೆಯನ್ನು ರಾಳದಿಂದ ಅಂಟಿಸಿದರು. ಹೊರಗಿನ ನೀರು ನಿಂತಂತೆ ಕಂಡಿತು. ಆದರೆ ಮೇಲಿನಿಂದ ಇಳಿದ ಮಳೆನೀರು ಹೊರಹೋಗಲಾರದೆ ಹೊದಿಕೆಯ ಒಳಗೆ ಸಿಕ್ಕಿಕೊಂಡಿತು. ಮರ ಒಳಗೊಳಗೇ ಕೊಳೆಯಿತು. ಉಬ್ಬು ಕುಗ್ಗುಗಳಿಂದ ಹೊದಿಕೆಯೂ ಸಡಿಲಿತು. ಡೇವಿಯ ತಾಮ್ರದಂತೆಯೇ ಇಲ್ಲಿಯೂ ಔಷಧವೇ ರೋಗಕ್ಕೆ ಕಾರಣವಾಯಿತು.

೧೯೭೫ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಲೇಕ್ ಜಾರ್ಜಿನಲ್ಲಿ ಪ್ರಾಚೀನ ದೋಣಿಗಳ ಆಸಕ್ತರ ಸಂಘವೊಂದು ಸ್ಥಾಪಿತವಾಯಿತು. ದೋಣಿಗಳನ್ನು ಅಳೆಯುವಾಗ ಈ ಸಂಘವು ‘ಸಂರಕ್ಷಿತ’ ಮತ್ತು ‘ಪುನಃಸ್ಥಾಪಿತ’ ಎಂಬ ಎರಡು ವರ್ಗಗಳನ್ನು ಮಾಡಿ, ಮೇಲ್ಹಾಸಿನಲ್ಲಿಯೂ ಪಕ್ಕಗಳಲ್ಲಿಯೂ ಮೂಲದ ಮರ ಎಷ್ಟು ಉಳಿದಿದೆ ಎಂಬುದನ್ನು ವಿಂಗಡಣೆಯ ಮುಖ್ಯ ಆಧಾರವನ್ನಾಗಿ ಹಿಡಿಯಿತು. ಈ ಎರಡು ಶಬ್ದಗಳ ಹಿಂದೆ ಎರಡು ಇತಿಹಾಸದೃಷ್ಟಿಗಳಿವೆಯೆಂದು ನಮಗೆ ತೋರುತ್ತದೆ. ಮೊದಲನೆಯದು ಉಳಿದ ವಸ್ತುವನ್ನು ಸಾಕ್ಷಿಯೆಂದು ಭಾವಿಸುತ್ತದೆ. ಎರಡನೆಯದು ರೂಪವನ್ನೂ ಉಪಯೋಗವನ್ನೂ ಮುಖ್ಯವೆಂದು ಗಣಿಸುತ್ತದೆ.

ತಳದ ವಿಷಯದಲ್ಲಿ ಈ ವಿವಾದ ಹೆಚ್ಚು ತೀಕ್ಷ್ಣವಾಗಿದೆ. ಎಷ್ಟೋ ದುರಸ್ತಿಗಾರರು ಈಗ ಹಳೆಯ ಕ್ಯಾನ್ವಾಸಿನ ಜಾಗದಲ್ಲಿ ರಬ್ಬರಿನಂತೆ ಬಾಗುವ ಪಾಲಿಯುರೆಥೇನ್ ಅಂಟನ್ನು ಹಾಕಿ ಎರಡು ಪದರಗಳನ್ನೂ ಒಂದಾಗಿಸುತ್ತಾರೆ. ಅಂಥ ದೋಣಿಯನ್ನು ವಸಂತದಲ್ಲಿ ನೆನೆಸಬೇಕಾದ ಅಗತ್ಯವಿಲ್ಲ. ಬೇರೆ ಕೆಲವರು ಎಪಾಕ್ಸಿ ರಾಳವನ್ನು ಆಶ್ರಯಿಸುತ್ತಾರೆ. ಮಿಷಿಗನ್ನಿನ ಬೇ ಸಿಟಿಯ ಗೂಜನ್ ಸಹೋದರರು ೧೯೭೦ರ ದಶಕದಲ್ಲಿ ಮರದ ದೋಣಿಗಳಿಗೆ ಇದರ ಬಳಕೆಯನ್ನು ಪ್ರಚಾರಕ್ಕೆ ತಂದವರು. ಸಂಪ್ರದಾಯವಾದಿಗಳ ಆಕ್ಷೇಪವು ಬೇರೆ ಬಗೆಯದು. ಹಾಗೆ ಅಂಟಿಸಿದ ತಳವನ್ನು ಮುಂದೆ ಬಿಚ್ಚಿ ಒಂದೇ ಹಲಗೆಯನ್ನು ಬದಲಿಸಲಾಗದು. ಉಬ್ಬಿ ಬಿಗಿಯುವ ಹಲಗೆಯ ತತ್ತ್ವವೇ ಅಳಿದುಹೋದುದರಿಂದ ಆ ದೋಣಿಯು ೧೯೩೦ರ ಜನ ದೋಣಿ ಕಟ್ಟುತ್ತಿದ್ದ ರೀತಿಯನ್ನು ಇನ್ನು ಮುಂದೆ ತಿಳಿಸಲಾರದು. ನೀರಿನಲ್ಲಿ ಇಳಿಯುವವರ ಸುರಕ್ಷತೆಯನ್ನು ನೆನೆದರೆ ಮೊದಲನೆಯವರ ಪಕ್ಷವೂ ಬಲವಾದುದೇ. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾಗಿ ದೋಣಿಯ ತಳದಲ್ಲಿ ಸೇರಿಕೊಳ್ಳುವುದರಿಂದ, ಎಂಜಿನ್ನನ್ನು ಚಾಲೂ ಮಾಡುವ ಮೊದಲು ಗಾಳಿಯಾಡಿಸುವ ಬೀಸಣಿಗೆಯನ್ನು ಹಳೆಯ ದೋಣಿಗಳಿಗೂ ಅಳವಡಿಸುತ್ತಾರೆ. ಇದನ್ನು ಅಪಚಾರವೆಂದು ಯಾರೂ ಹೇಳರು.

ಅಥೆನ್ಸಿನವರು ಥೀಸಿಯಸನ ನೌಕೆಯ ಹಳೆಯ ಹಲಗೆಗಳನ್ನು ಬದಲಿಸುತ್ತ ಬಹುಕಾಲ ಉಳಿಸಿಕೊಂಡಿದ್ದರೆಂದೂ, ಅದು ಅದೇ ನೌಕೆಯೋ ಅಲ್ಲವೋ ಎಂದು ತತ್ತ್ವಜ್ಞರು ವಾದಿಸುತ್ತಿದ್ದರೆಂದೂ ಪ್ಲೂಟಾರ್ಕ್ ಬರೆದಿದ್ದಾನೆ. ತತ್ತ್ವಜ್ಞನು ಈ ಪ್ರಶ್ನೆಯನ್ನು ಬಗೆಹರಿಸದೆ ಬಿಡಬಹುದು. ಚರಿತ್ರಕಾರನಿಗೆ ಬೇಕಾದುದು ಬೇರೆ: ಯಾವ ಹಲಗೆಯನ್ನು, ಎಂದು, ಏತಕ್ಕಾಗಿ ಬದಲಿಸಿದರು ಎಂಬ ದಾಖಲೆ. ಈ ದಾಖಲೆಯಿದ್ದರೆ ಬಹುಪಾಲು ಹೊಸದಾದ ದೋಣಿಯೂ ಆಧಾರವಾಗಬಲ್ಲುದು. ಇಲ್ಲದಿದ್ದರೆ ಬಹುಪಾಲು ಹಳೆಯದಾದ ದೋಣಿಯೂ ನಮ್ಮನ್ನು ತಪ್ಪುದಾರಿಗೆ ಎಳೆಯಬಲ್ಲುದು.

ಉತ್ಪತ್ತಿಯ ದಾಖಲೆಗಳು ಅದೃಷ್ಟವಶಾತ್ ಉಳಿದಿವೆ. ವರ್ಜೀನಿಯದ ನ್ಯೂಪೋರ್ಟ್ ನ್ಯೂಸ್ ನಗರದ ಮ್ಯಾರಿನರ್ಸ್ ವಸ್ತುಸಂಗ್ರಹಾಲಯದಲ್ಲಿ ಕ್ರಿಸ್-ಕ್ರಾಫ್ಟ್ ಸಂಸ್ಥೆಯ ಕಾಗದಪತ್ರಗಳಿವೆ. ಒಂದೊಂದು ದೋಣಿಯ ಸಂಖ್ಯೆ, ಅದರ ಎಂಜಿನ್, ಕಾರ್ಖಾನೆಯಿಂದ ಹೊರಟ ದಿನ, ಕಳುಹಿಸಿದ ಸ್ಥಳ ಇವುಗಳನ್ನು ಬರೆದಿಟ್ಟ ಚೀಟಿಗಳನ್ನು ಅಲ್ಲಿ ನೋಡಬಹುದು. ಆದರೆ ದೋಣಿಯು ಕಾರ್ಖಾನೆಯ ಬಾಗಿಲನ್ನು ದಾಟಿದ ದಿನಕ್ಕೆ ಆ ಚೀಟಿಯ ಕಥೆ ಮುಗಿಯುತ್ತದೆ. ಆಮೇಲಿನ ದಶಕಗಳ ಕಥೆಯನ್ನು ಮರದಲ್ಲಿಯೇ ಓದಬೇಕು: ಒಂದರ ಪಕ್ಕದಲ್ಲೊಂದು ಕೊರೆದ ಮೊಳೆಯ ತೂತುಗಳಲ್ಲಿ, ಬಣ್ಣ ಬೇರೆಯಾದ ಬಿರಡೆಗಳಲ್ಲಿ, ಪಕ್ಕೆಮರಕ್ಕೆ ಜೋಡಿಸಿದ ಆಸರೆಯ ತುಂಡಿನಲ್ಲಿ. ಹೊಳೆಯುವಂತೆ ಮಾಡಬೇಕೆಂಬ ಆತುರದಲ್ಲಿ ಮೊದಲು ಅಳಿಸಿಹೋಗುವ ಗುರುತುಗಳೂ ಇವೇ.

ಈ ವಿವೇಚನೆಯಿಂದ ನಾವು ಮೂರು ಸೂಚನೆಗಳನ್ನು ಮುಂದಿಡಬಯಸುತ್ತೇವೆ. ಗಟ್ಟಿಯಾಗಿರುವ ಹಲಗೆಯನ್ನು ಅಂದಕ್ಕಾಗಿ ತೆಗೆಯಬಾರದು. ತೆಗೆಯಲೇಬೇಕಾದುದನ್ನು ತೆಗೆಯುವ ಮೊದಲು ಅಳೆದು, ಚಿತ್ರಿಸಿ, ಒಂದು ತುಂಡನ್ನಾದರೂ ಗುರುತುಹಾಕಿ ಇಡಬೇಕು. ದುರಸ್ತಿಗಾರನು ಕೈಯಿಂದ ಕಲಿತುದನ್ನು ಬಾಯಿಂದ ಹೇಳಿಸಿ ಬರೆದುಕೊಳ್ಳಬೇಕು. ಅವನೊಡನೆ ಅಳಿಯುವ ಜ್ಞಾನವು ಯಾವ ಸಂಗ್ರಹಾಲಯದಲ್ಲಿಯೂ ದೊರೆಯುವುದಿಲ್ಲ. ಸ್ಮಿತ್ ಕಟ್ಟಿದ ದೋಣಿಯೊಂದು ಇಂದೂ ತೇಲುತ್ತಿದ್ದರೆ, ಕಟ್ಟಿದವರ ಕೆಲವು ವಾರಗಳ ಕೆಲಸಕ್ಕಿಂತ ಅದನ್ನು ವರ್ಷವರ್ಷವೂ ಕಾಪಾಡಿದವರ ಶ್ರಮವೇ ಅದರಲ್ಲಿ ಹೆಚ್ಚಾಗಿದೆ. ಆ ಶ್ರಮವನ್ನು ಇತಿಹಾಸದ ಲೆಕ್ಕಕ್ಕೆ ತೆಗೆದುಕೊಳ್ಳುವ ಕೆಲಸವು ಇನ್ನೂ ಬಹುಮಟ್ಟಿಗೆ ಆಗಬೇಕಾಗಿದೆ. ನಮ್ಮ ವಿದ್ಯಾರ್ಥಿಗಳು ಈ ಕಡೆಗೆ ಗಮನವನ್ನು ಹರಿಸುವರೆಂದು ಆಶಿಸುತ್ತೇವೆ.