ಒಂದು ಶಾಸ್ತ್ರಗ್ರಂಥದ ಹತ್ತನೆಯ ಆವೃತ್ತಿ

ಕಾವ್ಯವು ಒಮ್ಮೆ ಅಚ್ಚಾದ ಮೇಲೆ ಕವಿಯನ್ನು ಬಿಟ್ಟು ತಾನೇ ಬಾಳುವುದು. ಶಾಸ್ತ್ರಗ್ರಂಥಕ್ಕೆ ಆ ಭಾಗ್ಯವಿಲ್ಲ. ಅಚ್ಚಿನ ದೋಷಗಳನ್ನು ತಿದ್ದಿ, ಪೀಠಿಕೆಯೊಂದನ್ನು ಹೊಸದಾಗಿ ಜೋಡಿಸಿದರೆ ಅದರ ಪುನರ್ಮುದ್ರಣವು ಮುಗಿಯಿತೆಂದು ಎಣಿಸುವವರು, ಚಾರ್ಲ್ಸ್ ಲಯೆಲ್ಲನ ‘ಭೂಗರ್ಭಶಾಸ್ತ್ರದ ಮೂಲತತ್ತ್ವಗಳು’ ಎಂಬ ಆಂಗ್ಲ ಗ್ರಂಥದ ಚರಿತ್ರೆಯನ್ನು ನೋಡಬೇಕು.

ಈ ಗ್ರಂಥವು ೧೮೩೦ರಿಂದ ೧೮೩೩ರ ವರೆಗೆ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಜಾನ್ ಮರ್ರೆಯವರಿಂದ ಪ್ರಕಟವಾಯಿತು. ಪರ್ವತಗಳೂ ಕಣಿವೆಗಳೂ ಹಠಾತ್ತಾದ ಪ್ರಳಯಗಳಿಂದ ಉಂಟಾದುವೆಂದು ಅನೇಕ ವಿದ್ವಾಂಸರು ನಂಬಿದ್ದ ಕಾಲವದು. ಮಳೆ, ಹೊಳೆ, ಕಡಲು, ಭೂಕಂಪ, ಅಗ್ನಿಪರ್ವತಗಳೆಂಬ, ಈಗಲೂ ಕಣ್ಣೆದುರಿಗೆ ಕೆಲಸಮಾಡುತ್ತಿರುವ ಕಾರಣಗಳೇ ಸಾಕು, ಅವಕ್ಕೆ ಬೇಕಾದಷ್ಟು ಕಾಲವನ್ನು ಮಾತ್ರ ಕೊಡಬೇಕು ಎಂಬುದು ಲಯೆಲ್ಲನ ವಾದ. ಮೊದಲ ಸಂಪುಟದ ಮುಖಚಿತ್ರದಲ್ಲಿ ಇಟಲಿಯ ಪೊಜ್ಜುವೊಲಿಯ ಮೂರು ಪ್ರಾಚೀನ ಸ್ತಂಭಗಳಿವೆ. ಆಳೆತ್ತರಕ್ಕಿಂತ ಮೇಲೆ ಕಡಲಿನ ಚಿಪ್ಪುಜೀವಿಗಳು ಆ ಕಲ್ಲನ್ನು ಕೊರೆದಿವೆ. ಕಂಬಗಳಾದರೋ ನೆಟ್ಟಗೆ ನಿಂತಿವೆ. ರೋಮನರ ಕಾಲದಿಂದೀಚೆಗೆ ಆ ನೆಲವು ಕಡಲೊಳಗೆ ಇಳಿದು ಮತ್ತೆ ಮೇಲೆದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಲಯೆಲ್ಲನು ತನ್ನ ಗ್ರಂಥವನ್ನು ತಿದ್ದುತ್ತಲೇ ಇದ್ದನು. ೧೮೩೪ರ ಮೂರನೆಯ ಆವೃತ್ತಿಯನ್ನು ನಾಲ್ಕು ಚಿಕ್ಕ ಸಂಪುಟಗಳಾಗಿ ಹೊರತಂದನು. ೧೮೩೮ರಲ್ಲಿ ಶಿಲಾಸ್ತರಗಳ ವಿಷಯವನ್ನು ಬೇರೆಯೇ ಒಂದು ಪಠ್ಯಪುಸ್ತಕವಾಗಿ ವಿಸ್ತರಿಸಿದನು. ಒಂಬತ್ತನೆಯ ಆವೃತ್ತಿಯು ೧೮೫೩ರಲ್ಲಿ ಬಂದಿತು. ಅಲ್ಲಿಂದ ಮುಂದಿನದಕ್ಕೆ ಹದಿನಾಲ್ಕು ವರ್ಷಗಳ ಅಂತರ!

ವಿಳಂಬಕ್ಕೆ ಕಾರಣಗಳು ಹಲವು. ಮುಖ್ಯವಾದುದು ಎರಡನೆಯ ಸಂಪುಟದಲ್ಲಿತ್ತು. ಜೀವಜಾತಿಗಳು ಕಾಲಕ್ರಮದಲ್ಲಿ ಮಾರ್ಪಟ್ಟು ಬೇರೆ ಜಾತಿಗಳಾಗುವುವೆಂಬ ಫ್ರೆಂಚ್ ಪಂಡಿತ ಲಮಾರ್ಕನ ಮತವನ್ನು ೧೮೩೨ರಲ್ಲಿ ಲಯೆಲ್ಲನು ವಿಸ್ತಾರವಾಗಿ ನಿರೂಪಿಸಿ ಖಂಡಿಸಿದ್ದನು. ಆ ಸಂಪುಟವು ಅದೇ ವರ್ಷ ಮಾಂಟೆವಿಡಿಯೋ ರೇವಿನಲ್ಲಿ, ಬೀಗಲ್ ಹಡಗಿನ ತರುಣ ಯಾತ್ರಿಕ ಚಾರ್ಲ್ಸ್ ಡಾರ್ವಿನ್ನನ ಕೈಸೇರಿತು. ಅಲ್ಪಕಾರಣಗಳು ದೀರ್ಘಕಾಲದಲ್ಲಿ ಮಹತ್ಕಾರ್ಯವನ್ನು ಸಾಧಿಸುವುವೆಂಬ ಗುರುವಿನ ಸೂತ್ರವನ್ನೇ ಹಿಡಿದು ಶಿಷ್ಯನು ಗುರುವಿನ ಖಂಡನೆಯನ್ನು ಮುರಿದನು. ೧೮೫೬ರ ಏಪ್ರಿಲಿನಲ್ಲಿ ಡೌನ್ ಗ್ರಾಮದ ತನ್ನ ಮನೆಯಲ್ಲಿ ಅವನು ಪ್ರಕೃತಿಯ ಆಯ್ಕೆಯ ತತ್ತ್ವವನ್ನು ಲಯೆಲ್ಲನಿಗೆ ವಿವರಿಸಿದನು. ಬೇಗ ಪ್ರಕಟಿಸೆಂದು ಒತ್ತಾಯಮಾಡಿದವನು ಲಯೆಲ್ಲನೇ. ೧೮೫೮ರಲ್ಲಿ ಡಾರ್ವಿನ್, ವಾಲೆಸ್ ಇಬ್ಬರ ಲೇಖನಗಳನ್ನೂ ಲಿನಿಯನ್ ಸಂಘದ ಮುಂದಿಡಿಸಿದವರಲ್ಲಿ ಅವನೂ ಒಬ್ಬನು. ಆದರೂ ಸ್ವಂತ ಸಮ್ಮತಿಯನ್ನು ಕೊಡಲಾರದೆ ಹೋದನು. ಮಾನವನ ಪ್ರಾಚೀನತೆಯನ್ನು ಕುರಿತು ೧೮೬೩ರಲ್ಲಿ ಅವನು ಬರೆದ ಗ್ರಂಥವು ಸ್ಪಷ್ಟವಾಗಿ ಏನನ್ನೂ ಒಪ್ಪದಿರಲು ಡಾರ್ವಿನ್ನನಿಗೆ ಬಹಳ ನಿರಾಶೆಯಾಯಿತು. ಮನುಷ್ಯನನ್ನು ಮೃಗಗಳ ವಂಶಾವಳಿಯಲ್ಲಿ ಸೇರಿಸಲು ಲಯೆಲ್ಲನ ಮನಸ್ಸು ಹಿಂಜರಿಯುತ್ತಿದ್ದಿತು. ಇದನ್ನು ಹೇಡಿತನವೆನ್ನುವುದು ನ್ಯಾಯವಲ್ಲ.

ಹತ್ತನೆಯ ಆವೃತ್ತಿಗೆ ಕೈಹಚ್ಚಿದಾಗ ಈ ಸಂಕಟವು ಮುಚ್ಚಿಡಲಾಗದಂತೆ ಎದುರು ನಿಂತಿತು. ಹೊಸ ಅಧ್ಯಾಯವೊಂದನ್ನು ಕೊನೆಗೆ ಅಂಟಿಸಿದರೆ ಗ್ರಂಥವು ತನ್ನನ್ನೇ ಅಲ್ಲಗಳೆಯುವುದು. ಹಳೆಯದನ್ನು ಹಾಗೆಯೇ ಬಿಟ್ಟರೆ ವಿದ್ಯಾರ್ಥಿಗಳಿಗೆ ವಂಚನೆ. ಜೀವಿಗಳಲ್ಲಿ ಕ್ರಮವಾದ ಅಭಿವೃದ್ಧಿಯಿಲ್ಲವೆಂಬ ಹಿಂದಿನ ವಾದವೂ ಜಾತಿಗಳ ಸ್ಥಿರತೆಯ ವಾದದೊಡನೆ ಹೆಣೆದುಕೊಂಡಿದ್ದಿತು. ಒಂದನ್ನು ಕಿತ್ತರೆ ಇನ್ನೊಂದು ಸಡಿಲವಾಗುವುದು. ಆದುದರಿಂದ ಎರಡನ್ನೂ ಬಿಚ್ಚಿ ಹೊಸದಾಗಿ ಬರೆಯುವುದೆಂದು ನಿರ್ಧರಿಸಿದನು. ೧೮೫೩-೫೪ರಲ್ಲಿ ಮದೀರಾ, ಕೆನರಿ ದ್ವೀಪಗಳಲ್ಲಿ ಸಂಚರಿಸಿದ ಅನುಭವವು ದ್ವೀಪಗಳ ಸಸ್ಯಪ್ರಾಣಿಗಳ ಚರ್ಚೆಗೆ ಒದಗಿತು. ಹವಾಗುಣದ ಪ್ರಕರಣಗಳೂ ಹೊಸ ರೂಪ ತಾಳಿದುವು. ಮಂದವಾಗಿದ್ದ ಕಣ್ಣುಗಳಿಗೆ ಪತ್ನಿ ಮೇರಿಯೂ ಕಾರ್ಯದರ್ಶಿ ಅರಬೆಲಾ ಬಕ್ಲಿಯೂ ನೆರವಾದರು.

೧೮೬೭ರಲ್ಲಿ ಮೊದಲ ಸಂಪುಟವೂ ೧೮೬೮ರಲ್ಲಿ ಎರಡನೆಯದೂ ಹೊರಬಂದುವು. ಜೀವಜಾತಿಗಳ ಪರಿಣಾಮವನ್ನು ಎಪ್ಪತ್ತು ವರ್ಷದ ಗ್ರಂಥಕರ್ತನು ಅಲ್ಲಿ ಒಪ್ಪಿದನು. ಮನುಷ್ಯಬುದ್ಧಿಯ ವಿಷಯದಲ್ಲಿ ಮಾತ್ರ ಸಂದೇಹವನ್ನು ಉಳಿಸಿಕೊಂಡನು. ಅದೇ ವರ್ಷ ನಾರ್ವಿಚ್ ನಗರದ ಬ್ರಿಟಿಷ್ ವಿಜ್ಞಾನ ಸಮ್ಮೇಳನದ ಅಧ್ಯಕ್ಷಪೀಠದಿಂದ ಹೂಕರನೂ, ಮರುವರ್ಷ ತನ್ನ ವಿಮರ್ಶೆಯಲ್ಲಿ ವಾಲೆಸನೂ ಈ ಧೈರ್ಯವನ್ನು ಕೊಂಡಾಡಿದರು.

ಹನ್ನೊಂದನೆಯ ಆವೃತ್ತಿ ೧೮೭೨ರಲ್ಲಿ ಬಂದಿತು. ಮರುವರ್ಷ ಮೇರಿ ತೀರಿಕೊಂಡಳು. ೧೮೭೫ರ ಫೆಬ್ರವರಿ ೨೨ರಂದು ಲಯೆಲ್ಲನು ಕಾಲವಾದಾಗ ಹನ್ನೆರಡನೆಯ ಆವೃತ್ತಿಯ ಪರಿಷ್ಕರಣವು ಇನ್ನೂ ಮುಗಿದಿರಲಿಲ್ಲ. ಉಳಿದುದನ್ನು ಅವನ ಸೋದರನ ಮಗನು ಪೂರೈಸಿ ಅಚ್ಚಿಗೆ ಕೊಟ್ಟನು.