ಈಡು

ಮಲೆನಾಡಿನಲ್ಲಿ ‘ಕೋವಿಗೆ ಈಡು ತುಂಬು’ ಎಂದರೆ ಒಂದು ಹೊಡೆತಕ್ಕೆ ಬೇಕಾದ ಮದ್ದುಗುಂಡನ್ನು ಕೈಯಾರೆ ಹಾಕುವುದು. ಕೇಪಿನ ಕೋವಿಗೆ ಇದೆಲ್ಲ ನಳಿಗೆಯ ಬಾಯಿಂದಲೇ ಆಗಬೇಕು: ಮೊದಲು ಅಳತೆಯ ಮಸಿ (ಕೋವಿಮದ್ದು), ಮೇಲೆ ತೆಂಗಿನ ನಾರು, ಗಜ ಎಂಬ ಸರಳು ಹಾಕಿ ಜಡಿದು, ಆಮೇಲೆ ಚರೆ (ಸಣ್ಣ ಗುಂಡುಗಳು) ಅಥವಾ ಗುಂಡು, ಅದು ಉರುಳಿ ಬೀಳದಂತೆ ಮತ್ತೆ ನಾರು. ಕೋವಿಯ ಕುದುರೆ, ಅಂದರೆ ಬಡಿಯುವ ಭಾಗದ ಕೆಳಗೆ ಕಿಡಿ ಹೊತ್ತಿಸುವ ಕೇಪು ಕೂರಿಸುವುದು ಕಟ್ಟಕಡೆಗೆ. ಮಸಿ ಮಿತಿಮೀರಿದರೆ ನಳಿಗೆಯೇ ಸಿಡಿದೀತು. ಆದ್ದರಿಂದ ಈ ಕೆಲಸ ಅನುಭವಿಗಳದು.

ಪದ ಅಚ್ಚಗನ್ನಡದ್ದು. ಕೆಡು ‘ಕೇಡು’ ಆದಂತೆ, ಪಡು ‘ಪಾಡು’ ಆದಂತೆ, ಇಡು ಎಂಬ ಕ್ರಿಯಾಪದ ಹಿಗ್ಗಿ ‘ಈಡು’ ಆಗಿದೆ. ಹಳಗನ್ನಡದಲ್ಲಿ ಇಡು ಎಂದರೆ ಇರಿಸು ಮಾತ್ರವಲ್ಲ, ಎಸೆ, ಹೊಡೆ ಎಂದೂ ಅರ್ಥ. ಕೋವಿಯೊಳಗೆ ಇಟ್ಟದ್ದೂ ಈಡು, ಅದರಿಂದ ಹೊಡೆದದ್ದೂ ಈಡು! ಎಷ್ಟು ಚೆಂದದ ಹೊಂದಿಕೆ. ಗುರಿಕಾರ ‘ಈಡುಗಾರ’ನಾದದ್ದು ಹೀಗೆ. ‘ಕಷ್ಟಕ್ಕೆ ಈಡಾದ’, ‘ಆಸೆ ಈಡೇರಿತು’ ಎಂಬ ದಿನಬಳಕೆಯ ಮಾತುಗಳಲ್ಲೂ ಇದೇ ರೂಪವಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಈಗ ಶಿಕಾರಿ ಅಪರಾಧ, ಅದು ಸರಿಯೇ. ಆದರೆ ಮಸಿ, ಗಜ, ಚರೆ, ಈಡು ಎಂಬ ಮಾತುಗಳು ಮರೆಯಾಗಬಾರದು. ನಿಮ್ಮೂರಿನ ಹಿರಿಯರನ್ನು ಕೇಳಿ ಬರೆದಿಡಿ.