ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಲಕ್ವ ವಾಸಿಯಾಗುತ್ತದೆಯೇ?

‘ಸ್ಟ್ರೋಕ್ ಆಗಿ ಕೈಕಾಲು ಬಿದ್ದುಹೋದವರಿಗೂ ಸ್ಟೆಮ್ ಸೆಲ್ ಹಾಕಿದರೆ ಮೆದುಳು ಮತ್ತೆ ಬೆಳೆಯುತ್ತದೆ, ಬೆಂಗಳೂರಿನಲ್ಲೇ ಸಿಗುತ್ತದೆ’ ಎಂಬಂಥ ಮೆಸೇಜ್ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ.

ಬೆಂಗಳೂರಿನ ಮಾತು ಮೊದಲು. ವೈಟ್‌ಫೀಲ್ಡ್‌ನ ಸ್ಟೆಮ್‌ಪ್ಯೂಟಿಕ್ಸ್ ಕಂಪನಿಯ ಸ್ಟೆಮ್ ಸೆಲ್ ಔಷಧಕ್ಕೆ ಕೇಂದ್ರದ ಔಷಧ ನಿಯಂತ್ರಕರ ಅನುಮತಿ ಇದೆ. ಆದರೆ ಅದು ಇರುವುದು ಕಾಲಿಗೆ ರಕ್ತ ಹರಿಯದಂತಾಗುವ ಗಂಭೀರ ಕಾಯಿಲೆಗೆ ಮತ್ತು ಮಂಡಿ ಸವೆತಕ್ಕೆ. ಸ್ಟ್ರೋಕ್‌ಗೆ ಅಲ್ಲ.

ಸ್ಟ್ರೋಕ್‌ಗೆ ಪ್ರಯತ್ನವೇ ಆಗಿಲ್ಲವೇ? ಆಗಿದೆ, ನಮ್ಮ ದೇಶದಲ್ಲೇ. ದೆಹಲಿಯ ಏಮ್ಸ್ ನೇತೃತ್ವದಲ್ಲಿ 5 ಆಸ್ಪತ್ರೆಗಳು 120 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅವರದೇ ಮೂಳೆಮಜ್ಜೆಯ ಕೋಶಗಳನ್ನು ರಕ್ತನಾಳದ ಮೂಲಕ ಕೊಟ್ಟವು. 2014ರಲ್ಲಿ ಫಲಿತಾಂಶ ಬಂತು: ಅಪಾಯ ಕಾಣಲಿಲ್ಲ, ಲಾಭವೂ ಕಾಣಲಿಲ್ಲ.

ನರಕೋಶಗಳಾಗಬಲ್ಲ ನ್ಯೂರಲ್ ಸ್ಟೆಮ್ ಸೆಲ್‌ನ ಕಥೆ ಬೇರೆ. ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ 11 ಗಂಡಸರ ಮೆದುಳಿಗೇ ಇವನ್ನು ಸೂಜಿಯಿಂದ ಸೇರಿಸಿದರು. 2016ರ ವರದಿಯಲ್ಲಿ ಸ್ವಲ್ಪ ಚೇತರಿಕೆ ಕಂಡಿದೆ. ಆದರೆ ಹೋಲಿಸಲು ಇನ್ನೊಂದು ಗುಂಪೇ ಇರಲಿಲ್ಲ. ಫಿಸಿಯೋಥೆರಪಿಯಿಂದಲೋ ಕೋಶದಿಂದಲೋ ಹೇಳಲಾಗದು.

ದೊಡ್ಡ ತೊಡಕೆಂದರೆ, ಹಾಕಿದ ಕೋಶಗಳಲ್ಲಿ ಬಹುಪಾಲು ಸತ್ತುಹೋಗುತ್ತವೆ. ಆಗಷ್ಟೇ ಪೆಟ್ಟು ತಿಂದ ಮೆದುಳಿನಲ್ಲಿ ಉರಿಯೂತ ಜೋರಾಗಿರುತ್ತದೆ. ಜ್ಯೂರಿಕ್ ವಿಶ್ವವಿದ್ಯಾಲಯದ ತಂಡ ಇದಕ್ಕೊಂದು ದಾರಿ ಹುಡುಕಿದೆ: ತಕ್ಷಣ ಹಾಕುವ ಬದಲು ಒಂದು ವಾರ ಕಾದರೆ ಹೆಚ್ಚು ಕೋಶಗಳು ಬದುಕುತ್ತವೆ. 2025ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಅವು ನರಕೋಶಗಳಾಗಿ ಅಕ್ಕಪಕ್ಕದವಕ್ಕೆ ಕೂಡಿಕೊಂಡವು, ಹೊಸ ರಕ್ತನಾಳ ಚಿಗುರಿದವು, ನಡಿಗೆಯೂ ಸುಧಾರಿಸಿತು. ಖುಷಿಯ ಸುದ್ದಿಯೇ. ಆದರೆ ಅದು ಇಲಿಗಳಲ್ಲಿ. ಫಾರ್ವರ್ಡ್ ಆಗುವಾಗ ಮೊದಲು ಬಿಟ್ಟುಹೋಗುವುದು ಈ ಪದವೇ!

ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಸ್ಟ್ರೋಕ್‌ಗೆ ಸ್ಟೆಮ್ ಸೆಲ್ ಕೊಡುವುದಾದರೆ ನೋಂದಾಯಿತ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ, ಅದೂ ರೋಗಿಯಿಂದ ಹಣ ಪಡೆಯದೆ. ಯಾರಾದರೂ ಲಕ್ಷಗಟ್ಟಲೆ ಪ್ಯಾಕೇಜ್ ಹೇಳಿದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಸಿಟಿಆರ್‌ಐ ವೆಬ್‌ಸೈಟ್‌ನಲ್ಲಿ ಅದನ್ನು ಮೊಬೈಲಿನಲ್ಲೇ ಹುಡುಕಬಹುದು.

ಈಗ ಕೈಯಲ್ಲಿರುವ ಚಿಕಿತ್ಸೆಗೆ ಗಡಿಯಾರ ಮುಖ್ಯ. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕ್‌ಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಅದಕ್ಕೂ ಮುಂಚೆ ಸ್ಕ್ಯಾನ್ ಆಗಬೇಕು. ಪೀಣ್ಯದಿಂದಲೋ ಎಲೆಕ್ಟ್ರಾನಿಕ್ ಸಿಟಿಯಿಂದಲೋ ಟ್ರಾಫಿಕ್‌ನಲ್ಲಿ ಹೊರಡುವವರು ಇದನ್ನೂ ಲೆಕ್ಕ ಹಾಕಿ. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಯಾವ ಹೊತ್ತಿಗೆ ಶುರುವಾಯಿತು ಎಂಬುದನ್ನು ಡಾಕ್ಟರಿಗೆ ಹೇಳಿ.